ಹಲಾಲ್ ಎಂದು ಯಾರು ಹೇಳಬೇಕು?

ಮಗ ಮ್ಯೂಚುವಲ್ ಫಂಡ್‌ಗೆ ಹಾಕು ಎನ್ನುತ್ತಾನೆ, ಮಸೀದಿಯ ಹಜರತ್ ಷೇರೆಲ್ಲ ಜೂಜು ಎನ್ನುತ್ತಾರೆ, ಆ್ಯಪ್ ಹಲಾಲ್ ಎಂದು ಹಸಿರು ಗುರುತು ತೋರಿಸುತ್ತದೆ. ಯಾರ ಮಾತು ಕೇಳಲಿ ಎಂದು ಶಿವಾಜಿನಗರದ ಓದುಗರೊಬ್ಬರು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಭಾಯ್, ನಿಮ್ಮ ಪತ್ರ ಓದಿ ಹಳೇ ಗಾಯ ಮತ್ತೆ ಹಸಿಯಾಯಿತು. ನಮ್ಮ ಯಜಮಾನರು ಸೌದಿಯಲ್ಲಿ ದುಡಿದದ್ದು, ನನ್ನ ನಿಕಾಹ್‌ನ ಬಳೆ ಮಾರಿದ್ದು, ಎಲ್ಲ ಸೇರಿಸಿ ಹಲಾಲ್ ಎಂದು ಹೇಳಿಕೊಂಡ ಒಂದು ಸಂಸ್ಥೆಗೆ ಕೊಟ್ಟೆವು. ಬಡ್ಡಿ ಅಲ್ಲ, ಲಾಭದಲ್ಲಿ ಪಾಲು ಅಂದರು. ಉದ್ಘಾಟನೆಗೆ ದೊಡ್ಡದೊಡ್ಡವರು ಬಂದಿದ್ದರು. ತಿಂಗಳು ತಿಂಗಳೂ ದುಡ್ಡು ಬರುತ್ತಿತ್ತು, ಹೆಚ್ಚುಕಡಿಮೆ ಒಂದೇ ಮೊತ್ತ. ವ್ಯಾಪಾರ ಅಂದಮೇಲೆ ಒಂದು ತಿಂಗಳಾದರೂ ನಷ್ಟ ಆಗಬೇಡವೇ? ನಮ್ಮ ಎದುರಿನ ಗುಜರಿ ಅಂಗಡಿಯವನಿಗೇ ಆಗುತ್ತದೆ! ಮುದಾರಬಾದಲ್ಲಿ, ಅಂದರೆ ಒಬ್ಬ ಹಣ ಹಾಕಿ ಇನ್ನೊಬ್ಬ ವ್ಯಾಪಾರ ಮಾಡುವ ಪಾಲುದಾರಿಕೆಯಲ್ಲಿ, ನಷ್ಟವಾದರೆ ಬಂಡವಾಳ ಹಾಕಿದವನೇ ಹೊರಬೇಕು, ಇಷ್ಟೇ ಲಾಭ ಗ್ಯಾರಂಟಿ ಅಂದರೆ ಅದು ಬಡ್ಡಿಯೇ ಎಂದು ಮುಫ್ತಿ ಸಾಹೇಬರೊಬ್ಬರು ಬಿಡಿಸಿ ಹೇಳಿದರು, ಸಂಸ್ಥೆ ಶಟರ್ ಎಳೆದ ಮೇಲೆ. ಹಣ ವಾಪಸಿಗೆ ಅರ್ಜಿ ತುಂಬಿ ಕಾಯುತ್ತಿದ್ದೇವೆ. ಬಳೆ ಎಲ್ಲಿ ಅಂತ ಅತ್ತೆ ಈಗಲೂ ಕೇಳುತ್ತಾರೆ, ಲಾಕರಿನಲ್ಲಿದೆ ಅನ್ನುತ್ತೇನೆ.
– ಹೆಸರು ಬೇಡ, ಟ್ಯಾನರಿ ರಸ್ತೆ

ಇಂಥ ಪತ್ರಗಳು ಇನ್ನೂ ಇವೆ. ಹೆಸರು ಯಾರಿಗೂ ಬೇಡ.

ಬ್ಯಾಂಕಿನ ಬಡ್ಡಿ ಬೇಡ, ಆದರೆ ತಿಂಗಳಿಗೆ ನೂರಕ್ಕೆ ಮೂರು ಬೇಕು. ಇದು ದೀನ್ ಅಲ್ಲ, ದುರಾಸೆ.
– ಪಾದರಾಯನಪುರ

ಶಿವಾಜಿನಗರದ ಓದುಗರು ಅಷ್ಟು ಲಾಭ ಕೇಳಿರಲಿಲ್ಲ. ಲೆಕ್ಕಪತ್ರದ ಕೆಲಸದಲ್ಲಿರುವ ಒಬ್ಬರು ಬರೆಯುತ್ತಾರೆ:

ಷೇರು ಎಂದರೆ ಕಂಪನಿಯಲ್ಲಿ ಪಾಲು. ಪಾಲುದಾರಿಕೆ ಹರಾಮಲ್ಲ. ಕಂಪನಿ ಏನು ಮಾಡಿ ದುಡಿಯುತ್ತದೆ, ಎಷ್ಟು ಬಡ್ಡಿಸಾಲ ಹೊತ್ತಿದೆ ಎಂದು ನೋಡಬೇಕು. ಬ್ಯಾಂಕು, ಮದ್ಯ, ಸಿಗರೇಟು ಮೊದಲೇ ಹೊರಗೆ. ಬಹರೈನ್‌ನ ಅಯೋಫಿ ಎಂಬ, ಇಸ್ಲಾಮಿಕ್ ಹಣಕಾಸಿಗೆ ನಿಯಮ ರೂಪಿಸುವ ಸಂಸ್ಥೆಯ ಮಾನದಂಡದಂತೆ ಬಡ್ಡಿಸಾಲ ಕಂಪನಿಯ ಮಾರುಕಟ್ಟೆ ಮೌಲ್ಯದ ಶೇ. 30 ದಾಟಬಾರದು, ನಿಷಿದ್ಧ ಆದಾಯ ಶೇ. 5 ದಾಟಬಾರದು. ಆ ಚೂರು ಆದಾಯದಲ್ಲಿ ನಿಮ್ಮ ಪಾಲಿಗೆ ಬಂದದ್ದನ್ನೂ ಬಡವರಿಗೆ ಕೊಡಬೇಕು. ಅದನ್ನು ಕಡ್ಡಾಯ ದಾನವಾದ ಜಕಾತ್‌ನ ಲೆಕ್ಕಕ್ಕೆ ಸೇರಿಸುವಂತಿಲ್ಲ. ಇಷ್ಟೆಲ್ಲ ಜಾಲಾಡಲು ಪುರುಸೊತ್ತಿಲ್ಲದಿದ್ದರೆ ನಿಫ್ಟಿ 50 ಶರಿಯಾ ಸೂಚ್ಯಂಕದಲ್ಲಿ ಯಾವ ಕಂಪನಿಗಳಿವೆ ನೋಡಿ. ಟಾಟಾ ಎಥಿಕಲ್ ಫಂಡ್ ಕೂಡ ಶರಿಯಾ ನಿಯಮದಂತೆಯೇ ಹೂಡುತ್ತದೆ. ಯಾವ ಮಾನದಂಡ, ಯಾವ ವರ್ಷದ ಲೆಕ್ಕ ಎಂದು ಹೇಳದ ಆ್ಯಪಿನ ಹಸಿರು ಗುರುತಿಗೆ ಬೆಲೆಯಿಲ್ಲ. ಇನ್ನು ಹಜರತ್ ಮಾತು: ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟಿ ಫ್ಯೂಚರ್ಸ್, ಆಪ್ಷನ್ಸ್ ಆಡುವವರ ಬಗ್ಗೆ ಅವರು ಹೇಳಿದ್ದು ಸರಿಯೇ.
– ಜಯನಗರ

ಷೇರು ಗೀರು ನನಗೆ ಗೊತ್ತಿಲ್ಲ. ನನ್ನ ಪಿ.ಎಫ್.ಗೆ ಸೇರುವ ಬಡ್ಡಿ ಏನು ಮಾಡಲಿ, ಅದನ್ನು ಹೇಳಿ ಸ್ವಾಮಿ.
– ಬಸ್ ಚಾಲಕ, ಗುರಪ್ಪನಪಾಳ್ಯ

ಕಡ್ಡಾಯ ಪಿ.ಎಫ್. ಬಗ್ಗೆ ಧರ್ಮಪಂಡಿತರಾದ ಉಲಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ಅದಕ್ಕೆ ಬೇರೆ ಸಂಚಿಕೆಯೇ ಬೇಕು. ಶಿವಾಜಿನಗರದ ಓದುಗರು ಮೊದಲು ಫಂಡ್ ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಣಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಲಿ. ಆಮೇಲೆ ಅದರ ಷೇರುಪಟ್ಟಿ ಹಿಡಿದು ಹಜರತ್ ಬಳಿ ಹೋಗಲಿ, ಮಗನನ್ನೂ ಕರೆದುಕೊಂಡು.