ರೂಟ್ ಕೆನಾಲ್ ತೊಳೆಯುವ ದ್ರಾವಣಗಳಿಂದ ಡೆಂಟಿನ್‌ಗೆ (ಹಲ್ಲಿನ ಒಳಗಿನ ಗಟ್ಟಿ ಪದರಕ್ಕೆ) ಏಟಾಗದಂತೆ ಏನು ಮಾಡುತ್ತೀರಿ?

ಪ್ರಶ್ನೆ: ದವಡೆ ಹಲ್ಲುಗಳ ರೂಟ್ ಕೆನಾಲ್‌ನಲ್ಲಿ 5% ಹೈಪೋಕ್ಲೋರೈಟ್ (ಕ್ಲೋರಿನ್ ಇರುವ ರೋಗಾಣುನಾಶಕ ದ್ರಾವಣ), ಆಮೇಲೆ 17% ಇಡಿಟಿಎ (ಖನಿಜ ಕರಗಿಸುವ ದ್ರಾವಣ), ಕೊನೆಗೆ ಇನ್ನೊಮ್ಮೆ ಹೈಪೋಕ್ಲೋರೈಟ್ ಬಳಸುತ್ತೇನೆ. ಇದರಿಂದ ಬೇರು ಸೀಳುವ ಅಪಾಯ ಹೆಚ್ಚುತ್ತದೆಯೇ? ಸಾಂದ್ರತೆ ಇಳಿಸಲೇ, ಕ್ರಮ ಬದಲಿಸಲೇ?

ಉತ್ತರ 1: ಮೊದಲು ಕ್ರಮ ಬದಲಿಸಿ ಡಾಕ್ಟ್ರೇ. ಡೆಂಟಿನ್ ತೂಕದಲ್ಲಿ ಸುಮಾರು 70% ಖನಿಜ, 20% ಸಾವಯವ ಅಂಶ. ಆ ಸಾವಯವ ಅಂಶದಲ್ಲಿ ಬಹುಪಾಲು ಕೊಲಾಜೆನ್. ಇಡಿಟಿಎ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಹೈಪೋಕ್ಲೋರೈಟ್ ಕೊಲಾಜೆನ್ ಕರಗಿಸುತ್ತದೆ. ಖನಿಜದ ಹೊದಿಕೆ ಇರುವಷ್ಟು ಹೊತ್ತು ಕೊಲಾಜೆನ್‌ಗೆ ರಕ್ಷಣೆ ಇದೆ. ಇಡಿಟಿಎ ಆದ ಮೇಲೆ ಹೈಪೋಕ್ಲೋರೈಟ್ ಬಿಟ್ಟರೆ ಬಯಲಾದ ಕೊಲಾಜೆನ್ ನೇರವಾಗಿ ಅದರ ಬಾಯಿಗೆ ಬೀಳುತ್ತದೆ. ಡೆಂಟಿನ್‌ನೊಳಗಿನ ಸೂಕ್ಷ್ಮ ನಳಿಕೆಗಳ ಬಾಯಿ ಅಗಲವಾಗಿ ಗೋಡೆ ಸವೆಯುತ್ತದೆ.

ಹೀಗಾಗಿ ಫೈಲಿಂಗ್ (ಸೂಜಿಯಂಥ ಫೈಲ್‌ನಿಂದ ಕೆನಾಲ್ ಉಜ್ಜುವುದು) ನಡೆಯುವಷ್ಟೂ ಹೊತ್ತು ಹೈಪೋಕ್ಲೋರೈಟ್ ಒಂದೇ ಸಾಕು. ಹೀಗೆ ಕೆನಾಲ್‌ಗೆ ಆಕಾರ ಕೊಡುವ ಶೇಪಿಂಗ್ ಮುಗಿದ ಮೇಲೆ ಪ್ರತಿ ಕೆನಾಲ್‌ಗೆ 17% ಇಡಿಟಿಎ, ಬರೀ 1 ನಿಮಿಷ. ಸ್ಮಿಯರ್ ಲೇಯರ್ (ಉಜ್ಜುವಾಗ ಗೋಡೆಗೆ ಮೆತ್ತಿದ ಪುಡಿಯ ಪದರ) ಹೋಗಲು ಅಷ್ಟು ಸಾಕು. 10 ನಿಮಿಷ ಬಿಟ್ಟರೆ ನಳಿಕೆಯ ಸುತ್ತಲಿನ ಡೆಂಟಿನ್ನೇ ಕೊರೆದುಹೋಗುತ್ತದೆ. ಕೊನೆಗೆ ಸಲೈನ್‌ನಿಂದ ತೊಳೆದು ಪೇಪರ್ ಪಾಯಿಂಟ್‌ನಿಂದ (ಕಾಗದದ ಬತ್ತಿಯಿಂದ) ಒಣಗಿಸಿ.

ಉತ್ತರ 2: ಕ್ರಮದ ಮಾತು ಒಪ್ಪುತ್ತೇನೆ. ಆದರೆ ಹೆದರಿ ಹೈಪೋಕ್ಲೋರೈಟನ್ನು 0.5%ಗೆ ಇಳಿಸಬೇಡಿ, ಪಲ್ಪ್ (ಹಲ್ಲಿನೊಳಗಿನ ಮೆತ್ತನೆಯ ಅಂಗಾಂಶ) ಕರಗುವುದು ತೀರಾ ನಿಧಾನವಾಗುತ್ತದೆ. 5% ದ್ರಾವಣದಲ್ಲಿ ಡೆಂಟಿನ್‌ನ ಬಾಗುವ ಶಕ್ತಿ ಕುಗ್ಗುತ್ತದೆ ಎಂದು ತೋರಿಸಿದ ಪ್ರಯೋಗಗಳಲ್ಲಿ ತುಂಡುಗಳನ್ನು 2 ಗಂಟೆ ನೆನೆಸಿದ್ದರು; ಬಾಯೊಳಗಿನ ಸ್ಥಿತಿ ಬೇರೆ. 2.5–3% ಇಟ್ಟುಕೊಂಡು ಪ್ರಮಾಣ ಹೆಚ್ಚಿಸಿ: ಪ್ರತಿ ಫೈಲ್ ಬದಲಿಸಿದಾಗ ಕನಿಷ್ಠ 2 ಮಿಲೀ ಹೊಸ ದ್ರಾವಣ. ಡೆಂಟಿನ್ ಪುಡಿ, ಪಲ್ಪ್ ಚೂರು ತಾಗಿದೊಡನೆ ಕ್ಲೋರಿನ್ ಖರ್ಚಾಗುತ್ತದೆ, ನಿಂತ ದ್ರಾವಣ ಕೆಲಸಕ್ಕೆ ಬಾರದು. 5% ಬಾಟಲಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 2.5%. ಬಿಸಿಲು, ಶಾಖ ತಾಗದಂತೆ ಬಿಗಿಮುಚ್ಚಳದ ಗಾಢಬಣ್ಣದ ಬಾಟಲಿಯಲ್ಲಿಡಿ.

ಸೂಜಿ 30 ಗೇಜ್, ಸೈಡ್ ವೆಂಟ್ (ಪಕ್ಕದಲ್ಲಿ ರಂಧ್ರ) ಇರಲಿ. ವರ್ಕಿಂಗ್ ಲೆಂತ್‌ಗಿಂತ (ಕೆನಾಲ್‌ನಲ್ಲಿ ಕೆಲಸ ಮಾಡುವ ಆಳಕ್ಕಿಂತ) 2 ಮಿಮೀ ಮೇಲೆಯೇ ನಿಲ್ಲಿಸಿ. ಗೋಡೆಗೆ ಸಿಕ್ಕಿಕೊಂಡಾಗ ಒತ್ತಿದರೆ ದ್ರಾವಣ ಬೇರಿನ ತುದಿ ದಾಟಿ ತಕ್ಷಣ ಉರಿನೋವು, ಊತ. ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಂದ ಬೇರ್ಪಡಿಸುವ ರಬ್ಬರ್ ಹಾಳೆ) ಇಲ್ಲದೆ ಶುರುಮಾಡಲೇಬೇಡಿ.

ಉತ್ತರ 3: ಕ್ಲೋರ್‌ಹೆಕ್ಸಿಡಿನ್ (ಇನ್ನೊಂದು ರೋಗಾಣುನಾಶಕ) ಬಳಸುವವರಿಗೆ ಒಂದು ಮಾತು. ಹೈಪೋಕ್ಲೋರೈಟ್ ಉಳಿದಿರುವಾಗ ಅದನ್ನು ಹಾಕಿದರೆ ಕಿತ್ತಳೆ-ಕಂದು ಗಸಿ ಕೂತು ನಳಿಕೆಗಳನ್ನು ಮುಚ್ಚುತ್ತದೆ, ಹಲ್ಲಿಗೂ ಬಣ್ಣ ಹತ್ತುತ್ತದೆ. ಇಡಿಟಿಎ ಜೊತೆಗಾದರೆ ಬಿಳಿ ಗಸಿ. ಎರಡರ ನಡುವೆ ಧಾರಾಳವಾಗಿ ಡಿಸ್ಟಿಲ್ಡ್ ವಾಟರ್ ಬಿಟ್ಟು ಒಣಗಿಸಿ. ಇಡಿಟಿಎ, ಹೈಪೋಕ್ಲೋರೈಟ್ ಎರಡನ್ನೂ ಒಟ್ಟಿಗೆ ನಿಲ್ಲಿಸುವುದೂ ವ್ಯರ್ಥ: ಇಡಿಟಿಎ ಕ್ಲೋರಿನ್ ನುಂಗುತ್ತದೆ.

ಫೈಬರ್ ಪೋಸ್ಟ್ (ಬೇರಿನೊಳಗೆ ಅಂಟಿಸುವ ಆಧಾರದ ಕಡ್ಡಿ) ಕೂರಿಸುವುದಿದ್ದರೆ, ಹೈಪೋಕ್ಲೋರೈಟ್ ತಾಗಿದ ಡೆಂಟಿನ್‌ನಲ್ಲಿ ಅಂಟಿಸುವ ರೆಸಿನ್ ಸರಿಯಾಗಿ ಗಟ್ಟಿಯಾಗದೆ ಹಿಡಿತ ತಪ್ಪುತ್ತದೆ. 10% ಸೋಡಿಯಂ ಆಸ್ಕಾರ್ಬೇಟ್‌ನಿಂದ ತೊಳೆದರೆ ಹಿಡಿತ ಬಹುಮಟ್ಟಿಗೆ ಮರಳುತ್ತದೆ.

ಪ್ರಶ್ನೆ ಕೇಳಿದವರು: ಬೇರಿನ ತುದಿ ಇನ್ನೂ ಮುಚ್ಚದ ಮಕ್ಕಳ ಹಲ್ಲಿಗೂ ಇದೇ ಕ್ರಮವೇ?

ಉತ್ತರ 1: ಅಲ್ಲ. ಗೋಡೆ ಮೊದಲೇ ತೆಳು. ರೀಜೆನರೇಟಿವ್ ಚಿಕಿತ್ಸೆ (ಕೆನಾಲ್‌ನಲ್ಲಿ ಹೊಸ ಅಂಗಾಂಶ ಬೆಳೆಸುವುದು) ಮಾಡುವುದಾದರೆ ಮೊದಲ ಭೇಟಿಯಲ್ಲಿ 1.5% ಹೈಪೋಕ್ಲೋರೈಟ್, ಕೆನಾಲ್‌ಗೆ 20 ಮಿಲೀ, 5 ನಿಮಿಷ, ಮೆಲ್ಲಗೆ. ಫೈಲಿಂಗ್ ಆದಷ್ಟು ಬೇಡ. ಎರಡನೇ ಭೇಟಿಯಲ್ಲಿ ಬೇರಿನ ತುದಿಯಿಂದ ಕೆನಾಲ್‌ಗೆ ರಕ್ತ ಬರಿಸುವ ಮುನ್ನ 17% ಇಡಿಟಿಎ ಮಾತ್ರ. ಅಲ್ಲಿ ಹೈಪೋಕ್ಲೋರೈಟ್ ಹಾಕಿದರೆ ಸ್ಟೆಮ್ ಸೆಲ್‌ಗಳು ಉಳಿಯುವುದು ಕಷ್ಟ. ಡೆಂಟಿನ್ ಒಳಗಿನ ಬೆಳವಣಿಗೆಯ ಅಂಶಗಳನ್ನು ಹೊರಬಿಡಿಸುವುದು ಇಡಿಟಿಎ.