ಪದಚರ್ಚೆ: ‘ನೆತ್ತಿಗೇರುವುದು’ ಆಸ್ಪಿರೇಷನ್ ಆಗುತ್ತದೆಯೇ? (ನುಂಗುವುದರ ಅಲ್ಟ್ರಾಸೌಂಡ್ ಪದಗಳು)

ಪ್ರಶ್ನೆ

ದೊಡ್ಡವರ ನುಂಗುವ ತೊಂದರೆಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುವ ಕ್ರಮದ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಆಸ್ಪಿರೇಷನ್‌ಗೆ ‘ನೆತ್ತಿಗೇರುವುದು’, ಬೋಲಸ್‌ಗೆ (ಒಂದು ಸಲಕ್ಕೆ ನುಂಗುವಷ್ಟು ಆಹಾರ ಅಥವಾ ನೀರು) ‘ತುತ್ತು’, ಡ್ರೈ ಸ್ವಾಲೋಗೆ (ಬಾಯಿಗೆ ಏನೂ ಕೊಡದೆ ನುಂಗಿಸುವುದು) ‘ಒಣ ನುಂಗು’, ಹಯಾಯ್ಡ್ ಎಕ್ಸ್‌ಕರ್ಷನ್‌ಗೆ (ನಾಲಿಗೆಯ ಬುಡದಲ್ಲಿರುವ ಹಯಾಯ್ಡ್ ಮೂಳೆ ನುಂಗುವಾಗ ಸರಿಯುವುದು) ‘ಕಂಠಿಕಾಸ್ಥಿಯ ಏರಿಕೆ’ ಎಂದಿದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಮಾತು, ಇಟ್ಟುಕೊಳ್ಳಬಹುದೇ? ಉಳಿದವು ಓದುವಾಗ ತೊಡರುತ್ತವೆ. ತಿಳಿದವರು ತಿದ್ದಬೇಕು.

ಉತ್ತರ 1

‘ನೆತ್ತಿಗೇರುವುದು’ ಒಳ್ಳೆಯ ಮಾತೇ, ಈ ಜಾಗಕ್ಕೆ ಮಾತ್ರ ಬೇಡ. ಅದು ಹೆಸರಿಸುವುದು ಕೆಮ್ಮನ್ನು. ನೀರು ದಾರಿ ತಪ್ಪಿತು, ಕೆಮ್ಮು ಒತ್ತರಿಸಿತು, ಕಣ್ಣು ತುಂಬಿತು, ಪಕ್ಕದವರು ತಲೆ ತಟ್ಟಿದರು: ಇಷ್ಟೂ ಸೇರಿದರೆ ನೆತ್ತಿಗೇರಿದ್ದು. ಆಸ್ಪಿರೇಷನ್ ಎಂದರೆ ನುಂಗಿದ್ದು ಧ್ವನಿತಂತುಗಳನ್ನು ದಾಟಿ ಉಸಿರುನಾಳಕ್ಕೆ ಇಳಿಯುವುದು. ಕೆಮ್ಮು ಬರಲೇಬೇಕೆಂದಿಲ್ಲ. ಪಾರ್ಶ್ವವಾಯು ಆದವರಲ್ಲಿ ಗಂಟಲಿನ ಸ್ಪರ್ಶ ಕುಂದಿದ್ದರೆ ಸದ್ದಿಲ್ಲದೆ ಜಾರಿಹೋಗುತ್ತದೆ, ಹೆಚ್ಚಿನ ಅಪಾಯ ಅಲ್ಲೇ. ‘ಊಟ ಮಾಡುವಾಗ ನೆತ್ತಿಗೇರುತ್ತದೆಯೇ?’ ಎಂದು ಕೇಳಿದರೆ ಅಂಥವರು ‘ಇಲ್ಲ’ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ.

ಹಾಗಾಗಿ ರೋಗಿಗೆ ಕೇಳುವ ಪ್ರಶ್ನೆಯಲ್ಲಿ ‘ನೆತ್ತಿಗೇರು’ ಇರಲಿ, ವರದಿಯಲ್ಲಿ ‘ಉಸಿರುನಾಳಕ್ಕೆ ಜಾರಿಕೆ’ ಬರಲಿ. ಸೈಲೆಂಟ್ ಆಸ್ಪಿರೇಷನ್‌ಗೆ ‘ಮೌನ’ ತರಬೇಡಿ, ‘ಕೆಮ್ಮಿಲ್ಲದ ಜಾರಿಕೆ’ ಎಂದರೆ ಮುಗಿಯಿತು. ಧ್ವನಿಪೆಟ್ಟಿಗೆಯೊಳಗೆ ಹೊಕ್ಕರೂ ತಂತುಗಳನ್ನು ದಾಟದೆ ನಿಂತದ್ದು ಬೇರೆ, ಅದು ಪೆನೆಟ್ರೇಷನ್. ಅದಕ್ಕೆ ‘ಹೊಕ್ಕದ್ದು’ ಸಾಕು. ಹೊಕ್ಕದ್ದು, ಜಾರಿದ್ದು ಎಂಬ ಜೋಡಿ ಕಿವಿಗೂ ಬೇರೆಬೇರೆಯಾಗಿ ಕೇಳುತ್ತದೆ.

ಪದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಗದ್ದದಡಿಯ ಸ್ಕ್ಯಾನ್‌ನ ವರದಿಯಲ್ಲಿ ‘ಜಾರಿಕೆ ಇಲ್ಲ’ ಎಂಬ ಸಾಲು ಇರಲೇಬಾರದು. ಆ ನೋಟದಲ್ಲಿ ಉಸಿರುನಾಳವೇ ಬರುವುದಿಲ್ಲ. ಪ್ರೋಬನ್ನು (ಮೈಗೆ ತಾಗಿಸಿ ಹಿಡಿಯುವ ಅಲ್ಟ್ರಾಸೌಂಡ್ ಸಾಧನ) ಕತ್ತಿನ ಮುಂಭಾಗಕ್ಕೆ ಇಟ್ಟು ಹುಡುಕುವ ಕ್ರಮವೂ ಉಂಟು, ಆದರೆ ನಾಳದೊಳಗಿನ ಗಾಳಿ ಅಲೆಗಳನ್ನೆಲ್ಲ ಹಿಂದಕ್ಕೆ ಎಸೆಯುವುದರಿಂದ ‘ಕಾಣಲಿಲ್ಲ’ ಎನ್ನಬಹುದೇ ಹೊರತು ‘ಇಲ್ಲ’ ಎನ್ನಲಾಗದು. ಜಾರಿಕೆಯ ಪ್ರಶ್ನೆಗೆ ಬೇರಿಯಂ ನುಂಗಿಸಿ ತೆಗೆಯುವ ಎಕ್ಸ್‌ರೇ ವಿಡಿಯೊ ಅಥವಾ ಮೂಗಿನಿಂದ ಇಳಿಸುವ ಎಂಡೋಸ್ಕೋಪೇ ಬೇಕು. ಅಲ್ಟ್ರಾಸೌಂಡ್ ಚೆನ್ನಾಗಿ ತೋರಿಸುವುದು ನಾಲಿಗೆ, ಗದ್ದದಡಿಯ ಸ್ನಾಯುಗಳು ಮತ್ತು ಹಯಾಯ್ಡ್ ಸರಿಯುವ ಬಗೆ.

ಇನ್ನು ಆ ‘ಕಂಠಿಕಾಸ್ಥಿಯ ಏರಿಕೆ’. ಹಯಾಯ್ಡ್ ಬರೀ ಏರುವುದಿಲ್ಲ, ಏರುತ್ತ ಮುಂದಕ್ಕೂ ಬರುತ್ತದೆ. ಅನ್ನನಾಳದ ಬಾಯಿ ತೆರೆಯಲು ಆ ಮುಂದಿನ ಎಳೆತವೇ ಮುಖ್ಯ. ‘ಏರಿಕೆ’ ಎಂದು ಓದಿದವರು ಪರದೆಯ ಮೇಲೆ ಮೇಲಕ್ಕೆ ಮಾತ್ರ ಅಳೆದಾರು. ‘ಹಯಾಯ್ಡ್ ಸರಿದ ದೂರ’ ಎಂದು ಬಿಡಿಸಿ ಹೇಳುವುದು ವಾಸಿ. ‘ಲಾಳಮೂಳೆ’ ಎಂದು ಸೂಚಿಸುವವರೂ ಇದ್ದಾರೆ. ಕೈಯಲ್ಲಿ ಹಿಡಿದರೆ ಅದು ಲಾಳದಂತಿದೆ ನಿಜ. ಆದರೆ ಗದ್ದದ ನಡುಗೆರೆಯಲ್ಲಿ ಪ್ರೋಬ್ ಇಟ್ಟಾಗ ಲಾಳವೆಲ್ಲಿ ಕಾಣುತ್ತದೆ? ಒಂದು ಬೆಳ್ಳನೆಯ ಚುಕ್ಕೆ, ಅದರ ಹಿಂದೆ ಕಪ್ಪು ಪಟ್ಟೆ, ಅಷ್ಟೆ. ಹಯಾಯ್ಡ್ ಎಂದೇ ಇರಲಿ.

ಅಳತೆಯ ಕ್ರಮವನ್ನು ಕರಡು ಒಂದೇ ವಾಕ್ಯದಲ್ಲಿ ದಾಟಿಸಿದೆ, ಹಿಗ್ಗಿಸಬೇಕು. ರೋಗಿ ನೆಟ್ಟಗೆ ಕೂತಿರಬೇಕು, ಗದ್ದ ಎತ್ತಿರಬಾರದು. ಸುಮಾರು 2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬನ್ನು ಗದ್ದದಡಿ ಉದ್ದುದ್ದಕ್ಕೆ ಹಿಡಿದರೆ ಒಂದು ತುದಿಯಲ್ಲಿ ಕೆಳದವಡೆಯ ನೆರಳು, ಇನ್ನೊಂದು ತುದಿಯಲ್ಲಿ ಹಯಾಯ್ಡ್‌ನ ನೆರಳು ಬೀಳುತ್ತದೆ. ನುಂಗುವ ಉದ್ದಕ್ಕೂ ಎರಡೂ ಪರದೆಯಲ್ಲಿ ಇರಲೇಬೇಕು. ವಿರಾಮದಲ್ಲಿ ಎರಡರ ನಡುವೆ 45 ಮಿ.ಮೀ., ನುಂಗುವಾಗ ಅತಿ ಹತ್ತಿರ ಬಂದದ್ದು 33 ಮಿ.ಮೀ. ಎಂದಿಟ್ಟುಕೊಳ್ಳಿ, ಸರಿದದ್ದು 12 ಮಿ.ಮೀ., ಅಂದರೆ ವಿರಾಮದ ಅಂತರದ ಸುಮಾರು 27%. ಶೇಕಡಾ ಲೆಕ್ಕ ಯಾಕೆಂದರೆ ದವಡೆಯ ಗಾತ್ರ ಎಲ್ಲರಿಗೂ ಒಂದೇ ಅಲ್ಲ. ಸೆಕೆಂಡಿಗೆ 30 ಫ್ರೇಮಾದರೂ ಇಲ್ಲದಿದ್ದರೆ ಆ ‘ಅತಿ ಹತ್ತಿರ’ದ ಕ್ಷಣ ಎರಡು ಫ್ರೇಮುಗಳ ನಡುವೆ ಕಳೆದುಹೋಗುತ್ತದೆ.

ಕೆಡುವುದು ಹೆಚ್ಚಾಗಿ ಕೈಯಿಂದ. ಪ್ರೋಬ್ ಒತ್ತಿದರೆ ಸ್ನಾಯು ಚಪ್ಪಟೆಯಾಗಿ ದಪ್ಪ ಕಡಿಮೆ ಬರುತ್ತದೆ, ಹಯಾಯ್ಡ್‌ಗೂ ಅಡ್ಡಿ. ಒತ್ತದೆ ಹಿಡಿಯಬೇಕಾದರೆ ಜೆಲ್ ಧಾರಾಳವಾಗಿರಬೇಕು, ಗಡ್ಡವಿದ್ದರೆ ಇನ್ನೂ ಹೆಚ್ಚು. ನುಂಗುವಾಗ ರೋಗಿ ಗದ್ದ ಎತ್ತಿಬಿಟ್ಟರೆ ಆ ಸಲದ ಅಳತೆ ಬಿಟ್ಟುಬಿಡಿ. ಇಲ್ಲಿ ಕರಡಿನ ‘ಪ್ರೋಬನ್ನು ದೃಢವಾಗಿ ಇರಿಸಿ’ ಎಂಬ ಸೂಚನೆ ದಾರಿ ತಪ್ಪಿಸುತ್ತದೆ. ಬೇಕಾದದ್ದು ‘ಅಲುಗದಂತೆ, ಒತ್ತದೆ’.

ಬೋಲಸ್‌ಗೆ ನಮ್ಮಲ್ಲಿ ಒಂದಲ್ಲ, ಎರಡು ಪದವಿದೆ: ಕುಡಿಯುವುದಾದರೆ ಗುಟುಕು, ತಿನ್ನುವುದಾದರೆ ತುತ್ತು. ‘5 ಮಿ.ಲೀ. ನೀರಿನ ತುತ್ತು’ ಯಾರ ಬಾಯಲ್ಲೂ ಬಾರದ ಮಾತು. ಆಹಾರ, ಪಾನೀಯಗಳ ಸಾಂದ್ರತೆಗೆ ಬಳಸುವ ಅಂತರರಾಷ್ಟ್ರೀಯ ಐಡಿಡಿಎಸ್‌ಐ ಪಟ್ಟಿಯ 0ರಿಂದ 7ರ ಹಂತಗಳಲ್ಲಿ 3ರವರೆಗಿನದನ್ನು ಲೋಟದಿಂದ ಕುಡಿಯಬಹುದು, 4ನೆಯದಕ್ಕೆ ಚಮಚ ಬೇಕು. ಗುಟುಕು ಮುಗಿದು ತುತ್ತು ಶುರುವಾಗುವುದು ಅಲ್ಲಿಂದ.

‘ಒಣ ನುಂಗು’ ಕನ್ನಡವೇ ಅಲ್ಲ. ‘ಉಗುಳು ನುಂಗಿ’ ಎಂದರೆ ಯಾರೂ ತಿರುಗಿ ಕೇಳುವುದಿಲ್ಲ. ಗುಟುಕಿನ ಪರೀಕ್ಷೆಗೆ ಸೂಚನೆ ಹೀಗಿರಲಿ: ‘ನೀರನ್ನು ಬಾಯಲ್ಲೇ ಹಿಡಿದುಕೊಳ್ಳಿ, ಹೇಳಿದಾಗ ಒಂದೇ ಸಲಕ್ಕೆ ನುಂಗಿ.’ ‘ಒಂದೇ ಸಲಕ್ಕೆ’ ಬಿಟ್ಟರೆ ಕೆಲವರು ಎರಡು ಮೂರು ಕಂತಿನಲ್ಲಿ ನುಂಗುತ್ತಾರೆ, ಯಾವುದನ್ನು ಅಳೆಯಬೇಕೆಂಬ ಗೊಂದಲ ಉಳಿಯುತ್ತದೆ.

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ, ಒಂದು ಬಿಟ್ಟು. ‘ಜಾರಿಕೆ’ ನಾಮಪದವಾಗಿ ತುಸು ಹೊಸತು. ‘ಉಸಿರುನಾಳಕ್ಕೆ ಜಾರಿದೆ’ ಎಂಬ ಕ್ರಿಯಾಪದವೇ ವರದಿಗೆ ಸಾಲುತ್ತದೆ.

ಕರಡಿನಲ್ಲಿ ‘ಕಿರುನಾಲಿಗೆ’ ಎಲ್ಲಿದ್ದರೂ ಮೂಲ ನೋಡಿ. ಬಾಯಿ ತೆರೆದರೆ ಹಿಂದೆ ಜೋತಾಡುವುದಕ್ಕೂ ಆ ಹೆಸರಿದೆ, ಧ್ವನಿಪೆಟ್ಟಿಗೆಯ ಮೇಲೆ ಮಡಚಿಕೊಳ್ಳುವ ಎಪಿಗ್ಲಾಟಿಸ್‌ಗೂ ಕೆಲವರು ಅದನ್ನೇ ಬರೆಯುತ್ತಾರೆ. ನುಂಗುವಾಗ ಒಂದರ ಕೆಲಸ ಮೂಗಿನ ದಾರಿಯ ಕಡೆ, ಇನ್ನೊಂದರದು ಉಸಿರಿನ ದಾರಿಯ ಕಡೆ. ಎರಡನೆಯದಕ್ಕೆ ‘ಧ್ವನಿಪೆಟ್ಟಿಗೆಯ ಮುಚ್ಚಳ’ ಎನ್ನಿ.

ರೆಸಿಡ್ಯೂ (ನುಂಗಿದ ಮೇಲೂ ಗಂಟಲಲ್ಲಿ ಉಳಿದದ್ದು) ಎಂಬುದಕ್ಕೆ ‘ಎಂಜಲು’ ಬೇಡ, ‘ಉಳಿಕೆ’ ಸಾಕು. ‘ಗಂಟಲಲ್ಲಿ ಎಂಜಲು ಕಂಡಿತು’ ಎಂದರೆ ಉಗುಳೋ ಊಟವೋ ತಿಳಿಯದು.