ಹಕ್ಕಿ ಸರ್ಕಾರದ್ದು, ಹೊಲ ನಮ್ಮದು: ನಷ್ಟ ಯಾರ ತಲೆಗೆ?

ಹೊಲದಂಚು:
2024ರಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ರಾಮ್‌ಸರ್ ಪಟ್ಟಿ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿದಾಗ ಎಲ್ಲರೂ ಚಪ್ಪಾಳೆ ಹೊಡೆದಿರಿ. ಪಟ್ಟೆತಲೆ ಹೆಬ್ಬಾತು ಕೆರೆಯಲ್ಲಿ ಕೂರುತ್ತೆ, ಮೇಯೋದು ಸುತ್ತಲಿನ ಹೊಲದಲ್ಲಿ. ಹಿಂಡು ಎದ್ದುಹೋದ ಮೇಲೆ ಬಂದು ನೋಡಿ: ಎಳೆ ಪೈರಿನ ಕುಡಿ ಕತ್ತರಿ ಆಡಿಸಿದ ಹಾಗೆ ಮಾಯ, ಸಾಲಿನ ತುಂಬ ಹಿಕ್ಕೆ. ಕೆರೆ ಕಾಯೋಕೆ ಇಲಾಖೆ ಇದೆ. ಹೊಲಕ್ಕೆ ಯಾರಿದ್ದಾರೆ?

ದುರ್ಬೀನು:
ಹಕ್ಕಿ ಹಿಕ್ಕೆ ಒಳ್ಳೆ ಗೊಬ್ಬರ ಸರ್. ಕೊಕ್ಕರೆ ಬೆಳ್ಳೂರಿನವರು ಹೆಜ್ಜಾರ್ಲೆ ಗೂಡು ಕಟ್ಟೋಕೆ ತಮ್ಮ ಹುಣಸೆ ಮರಾನೇ ಬಿಟ್ಟುಕೊಟ್ಟಿಲ್ವಾ? ಮನಸ್ಸು ಬೇಕು ಅಷ್ಟೆ.

ಹೊಲದಂಚು:
ಮನಸ್ಸಾ? ಅಲ್ಲಿ ಹುಣಸೆ ಕೊಯ್ಯದೆ ಬಿಟ್ಟ ಮರಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ. ಅದನ್ಯಾಕೆ ನುಂಗಿಕೊಂಡ್ರಿ?

ಕಲಂ_ಕಣ್ಣು:
"ಕೆರೆ ಕಾಯೋಕೆ ಇಲಾಖೆ ಇದೆ" ಅಂದ್ರಲ್ಲ, ಯಾವ ಕೆರೆ? 2017ರ ಜೌಗು ಪ್ರದೇಶ ನಿಯಮದ ವ್ಯಾಖ್ಯೆ ಓದಿ. ಭತ್ತದ ಗದ್ದೆ ಹೊರಗೆ. ಕುಡಿಯುವ ನೀರಿಗೆ, ನೀರಾವರಿಗೆ ಅಂತ ಕಟ್ಟಿದ ಕೆರೆಯೂ ಹೊರಗೆ. ನಮ್ಮ ಬಹುಪಾಲು ಕೆರೆ ಕಟ್ಟಿದ್ದೇ ನೀರಾವರಿಗೆ. ಪಟ್ಟಿಗೆ ಸೇರಿದ ನಾಲ್ಕು ಕೆರೆ ತೋರಿಸಿ ಮಿಕ್ಕಿದ್ದೆಲ್ಲ ಭದ್ರ ಅನ್ನಬೇಡಿ.

ದುರ್ಬೀನು:
ಹಾಗಾದ್ರೆ ಎಲ್ಲವನ್ನೂ ಅಭಯಾರಣ್ಯ ಮಾಡಿ ಬೇಲಿ ಹಾಕಲಿ. ದನ, ಎಮ್ಮೆ ಒಳಗೆ ಬಿಡಲೇಬಾರದು.

ಏರಿಮೇಲೆ:
ಎಮ್ಮೆ ಬಿಡಬಾರದಾ? ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮ ನೆನಪಿದೆಯಾ? 1982ರಲ್ಲಿ ಮೇಯಿಸೋದು ನಿಲ್ಲಿಸಿದರು, ಗಲಾಟೆ ಆಯ್ತು, ಗೋಲಿಬಾರಿಗೆ ಹಳ್ಳಿಯವರು ಸತ್ತರು. ಆಮೇಲೆ ಏನಾಯ್ತು? ಪ್ಯಾಸ್ಪಾಲಮ್ ಹುಲ್ಲು ನೀರಿನ ಮೇಲೆ ಚಾಪೆ ಹಾಸಿತು. ಬಾತುಕೋಳಿಗೆ ಈಜೋಕೂ ತೆರೆದ ನೀರಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಧ್ಯಯನವೇ ಹೇಳಿತು, ಎಮ್ಮೆ ಇದ್ದಿದ್ದರೆ ಹುಲ್ಲು ಹದ್ದುಬಸ್ತಿನಲ್ಲಿರುತ್ತಿತ್ತು ಅಂತ.

ದುರ್ಬೀನು:
ಅಲ್ಲಿ ಹಕ್ಕಿ ಕಮ್ಮಿಯಾಗಿದ್ದು ಪಾಂಚನಾ ಅಣೆಕಟ್ಟಿಂದ ನೀರು ಬರದೆ! ಎಮ್ಮೆ ಬಿಟ್ಟಿದ್ದರೆ ನೀರು ಬರ್ತಿತ್ತಾ? 😂

ಏರಿಮೇಲೆ:
ನೀರಿನ ಬರ ಬಂದಿದ್ದು ಎಷ್ಟೋ ವರ್ಷ ಆದಮೇಲೆ ಸ್ವಾಮಿ. ನಾನು ಹೇಳ್ತಿರೋದು ಎಂಬತ್ತರ ದಶಕದ್ದು. ಇಸವಿ ನೋಡಿಕೊಂಡು ನಗಿ.

ದುರ್ಬೀನು:
ಇಸವಿ ಬೇಕಾ? ತಗೊಳ್ಳಿ. 2002ರ ನಂತರ ಸೈಬೀರಿಯಾ ಕ್ರೌಂಚ ಅಲ್ಲಿಗೆ ಬಂದೇ ಇಲ್ಲ. ಅದಕ್ಕೂ ಎಮ್ಮೆ ಇಲ್ಲದ್ದೇ ಕಾರಣಾನಾ?

ಏರಿಮೇಲೆ:
ಕ್ರೌಂಚದ ಸುದ್ದಿ ತೆಗೆದಿದ್ದು ನೀವು. ಅದು ದಾರಿಯಲ್ಲೇ ಬೇಟೆಗೆ ಬಲಿಯಾಗ್ತಿತ್ತು. ನಾನು ಹುಲ್ಲು ಅಂದೆ, ಹುಲ್ಲಿಗೆ ಉತ್ತರ ಕೊಡಿ.

ನಾಮದಕೋಳಿ:
ಬೇಟೆ ಅಂದ್ರಲ್ಲ, ಕೇವಲಾದೇವ್ ಉಳಿದಿದ್ದೇ ಬೇಟೆಯಿಂದ. ಮಹಾರಾಜರ ಖಾಸಗಿ ಶಿಕಾರಿ ಜಾಗ ಅದು. ಅಮೆರಿಕದಲ್ಲೂ 1934ರಿಂದ ಬಾತುಕೋಳಿ ಬೇಟೆಗಾರರು ಡಕ್ ಸ್ಟಾಂಪ್ ಅನ್ನೋ ಶುಲ್ಕದ ಚೀಟಿ ಕೊಳ್ಳಲೇಬೇಕು, ಆ ದುಡ್ಡಲ್ಲಿ ಜೌಗು ಭೂಮಿ ಖರೀದಿ ಮಾಡ್ತಾರೆ, ಖಾಸಗಿ ಜಮೀನಿನವರಿಗೂ ಹಣ ಕೊಟ್ಟು ಕರಾರು ಮಾಡಿಕೊಳ್ತಾರೆ.

ದುರ್ಬೀನು:
ಛೀ! 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ತಂಡ ಅಲ್ಲಿ ಒಂದೇ ದಿನ 4,273 ಹಕ್ಕಿ ಹೊಡೆದುಹಾಕಿತ್ತು. ಇದನ್ನ ಸಂರಕ್ಷಣೆ ಅಂತೀರಾ? ನಾಚಿಕೆ ಆಗ್ಬೇಕು ನಿಮಗೆ.

ನಾಮದಕೋಳಿ:
ಹೊಡೆಯೋಕೆ ಅಷ್ಟು ಹಕ್ಕಿ ಇತ್ತಲ್ಲ ಮೇಡಂ. ಇವತ್ತು ನಮ್ಮ ಊರ ಕೆರೆಗಳಲ್ಲಿ ಎಷ್ಟಿದೆ? ಬೇಟೆ ಬೇಕು ಅಂತ ನಾನಂದಿಲ್ಲ, ನಮ್ಮಲ್ಲಿ ಅದು 1972ರ ಕಾಯ್ದೆಯಲ್ಲೇ ನಿಂತಿದೆ. ಬಳಸೋರು ದುಡ್ಡು ಕೊಡಲಿ ಅಂದೆ. ಸಾವಿರಗಟ್ಟಲೆ ಬೆಲೆಯ ಲೆನ್ಸ್ ಹೊತ್ತು ಬರೋರೂ ಬಳಸೋರೇ.

ದುರ್ಬೀನು:
ನಾನು ಫೋಟೊ ತೆಗೆಯೋದು ದುಡ್ಡಿಗಲ್ಲ.

ಕಲಂ_ಕಣ್ಣು:
1972ರದ್ದು ಹಾಗಲ್ಲ. ಆ ಕಾಯ್ದೆಯಲ್ಲೇ ಬೇಟೆ ಲೈಸೆನ್ಸ್‌ಗೆ ಅವಕಾಶ ಇತ್ತು, ಪೂರ್ತಿ ನಿಂತಿದ್ದು 1991ರ ತಿದ್ದುಪಡಿಯಲ್ಲಿ.

ಹೊಲದಂಚು:
ಎಮ್ಮೆ ಆಯ್ತು, ವೈಸರಾಯ್ ಆಯ್ತು, ಲೈಸೆನ್ಸೂ ಆಯ್ತು. ನನ್ನ ಪೈರಿನ ಪರಿಹಾರಕ್ಕೆ ಅರ್ಜಿ ಯಾರಿಗೆ ಹಾಕಲಿ, ಯಾರಾದ್ರೂ ಹೇಳ್ತೀರಾ?

ಏರಿಮೇಲೆ:
ಒಂದು ನಿಮಿಷ ಅಣ್ಣಾ. ದುರ್ಬೀನು ಮೇಡಂ, ಕೇವಲಾದೇವದಲ್ಲಿ ಕೊನೆಗೆ ಹುಲ್ಲು ಕೊಯ್ಯೋಕೆ ಹಳ್ಳಿಯವರನ್ನೇ ಒಳಗೆ ಬಿಟ್ಟರು. ಯಾಕೆ ಅಂತ ಹೇಳ್ತೀರಾ?

ದುರ್ಬೀನು:
ಜನರನ್ನ ಬಿಟ್ಟರು. ಎಮ್ಮೆನಲ್ಲ.